ಪುಸ್ತಕ ಪುಕ್ಕಟೆ, ಪಕ್ಕದಲ್ಲಿ ಕೂರುವವರು ಬೇಕು

ಕಳೆದ ವರ್ಷ ಜುಲೈ 28ರ ಮಧ್ಯಾಹ್ನ. ದುಬೈಯಲ್ಲಿ ಲೆಕ್ಕಪತ್ರ ನೋಡುವವರಿಗೆ ಈ ತಾರೀಕು ಚೆನ್ನಾಗಿ ಗೊತ್ತು. ಜೂನ್‌ಗೆ ಮುಗಿದ ಮೂರು ತಿಂಗಳ ವ್ಯಾಟ್ ರಿಟರ್ನ್ ಸಲ್ಲಿಸಲು ಅದೇ ಕೊನೆಯ ದಿನ. ತಲೆ ಎತ್ತಲೂ ಪುರುಸೊತ್ತಿಲ್ಲದ ಆ ಹೊತ್ತಿಗೆ ನಮ್ಮ ಫೋನಿಗೆ ಒಂದು ಫೋಟೊ ಬಂತು. ರಜೆಗೆಂದು ಪುತ್ತೂರಿನ ಅಜ್ಜಿಮನೆಗೆ ಹೋಗಿದ್ದ ಒಂಬತ್ತು ವರ್ಷದ ಮಗಳು, ಅಜ್ಜಿಯ ಫೋನಿನಿಂದಲೇ ಕಳುಹಿಸಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಅಜ್ಜಿ ಬರೆದುಕೊಟ್ಟ ಸಾಮಾನಿನ ಚೀಟಿ. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು: 'ಪಪ್ಪಾ, ಇದರಲ್ಲಿ ಏನು ಬರೆದಿದೆ? ನಾನು ಅಂಗಡಿಯಲ್ಲಿದ್ದೇನೆ.'

ಹಿಂದಿನ ಹಾಗಾಗಿದ್ದರೆ ಚೀಟಿಯನ್ನು ಅಂಗಡಿಯವರ ಕೈಗೆ ಕೊಟ್ಟರೆ ಮುಗಿಯುತ್ತಿತ್ತು. ಈಗ ಊರಿನಲ್ಲೂ ಬುಟ್ಟಿ ಹಿಡಿದು ನಾವೇ ಆರಿಸಿಕೊಳ್ಳುವ ಅಂಗಡಿಗಳು. ಉದ್ದಿನಬೇಳೆ, ಬೆಲ್ಲ, ಕೊತ್ತಂಬರಿ, ಮೆಂತೆ, ಬಟ್ಟೆ ಸಾಬೂನು. ಬಾಯಲ್ಲಿ ಹೇಳಿದ್ದರೆ ಮಗಳಿಗೆ ಇವೆಲ್ಲ ಗೊತ್ತಿರುವ ಹೆಸರುಗಳೇ. ಎದುರಿನ ಕಪಾಟಿನಲ್ಲಿ ಬೆಲ್ಲ ಇತ್ತು, ಕೈಯಲ್ಲಿ 'ಬೆಲ್ಲ' ಎಂಬ ಅಕ್ಷರವೂ ಇತ್ತು. ಎರಡನ್ನೂ ಜೋಡಿಸಲು ದುಬೈಯಲ್ಲಿರುವ ಅಪ್ಪ ಬೇಕಾಯಿತು. ಅಜ್ಜಿ ಇದ್ದದ್ದು ರಸ್ತೆಯ ಆಚೆಗೆ.

ರಾತ್ರಿ ಫೋನ್ ಮಾಡಿದಾಗ ಅಜ್ಜಿ ಬೇಸರ ತೋರಿಸಿಕೊಳ್ಳಲಿಲ್ಲ. 'ಇನ್ನು ಚೀಟಿ ಬರೆಯುವುದಿಲ್ಲ ಮಾರಾಯ, ಬಾಯಲ್ಲೇ ಹೇಳಿ ಕಳುಹಿಸುತ್ತೇನೆ. ಪಾಪ, ಮಗು ಅಲ್ಲವಾ' ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೊಮ್ಮಗಳಿಗಾಗಿ ಒಬ್ಬ ಅಜ್ಜಿ ಬರೆಯುವುದನ್ನೇ ಬಿಡುವುದು ನಮಗೆ ಸಣ್ಣ ನಷ್ಟವಾಗಿ ಕಾಣಲಿಲ್ಲ.

ಹೊರದೇಶದಲ್ಲಿರುವ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಇದೇ ಕಥೆ. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ತಪ್ಪು ಅವರದ್ದಲ್ಲ. ನಮ್ಮ ಮಗಳ ಶಾಲೆಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ. ಯುಎಇಯ ಖಾಸಗಿ ಶಾಲೆಗಳಲ್ಲಿ ಒಂದರಿಂದ ಒಂಬತ್ತನೇ ತರಗತಿಯವರೆಗೆ ಅರಬಿಯೂ ಕಡ್ಡಾಯ. ಎಡದಿಂದ ಬಲಕ್ಕೆ ಎರಡು ಲಿಪಿ, ಬಲದಿಂದ ಎಡಕ್ಕೆ ಒಂದು. ಕನ್ನಡಕ್ಕೆ ಅಲ್ಲಿ ಪೀರಿಯಡ್ ಇಲ್ಲ. ಅದು ಮನೆಯ ಮಾತಾಗಿ ಮಾತ್ರ ಉಳಿಯುತ್ತದೆ.

ಕರಾವಳಿಯ ಮನೆಗಳಲ್ಲಂತೂ ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಮಾತು ಯಾವುದಾದರೂ ಅಲ್ಲಿ ಹೆಚ್ಚಿನವರು ಬರೆಯುತ್ತಾ ಬಂದದ್ದು ಕನ್ನಡ ಅಕ್ಷರದಲ್ಲೇ. ಅಜ್ಜನ ಪತ್ರ, ಅಮ್ಮನ ಅಡುಗೆ ಪುಸ್ತಕ, ಜಾಗದ ಆರ್‌ಟಿಸಿ, ಮದುವೆಯ ಕಾಗದ ಎಲ್ಲವೂ ಈ ಲಿಪಿಯಲ್ಲೇ ಇವೆ. ಅಕ್ಷರ ಬಾರದ ಮಗುವಿಗೆ ಕನ್ನಡದ ಜೊತೆಗೆ ಮನೆಮಾತಿನ ಬರಹವೂ ತಪ್ಪಿಹೋಗುತ್ತದೆ.

ಕೆಲಸ ಮುಗಿಸಿ ಊರಿಗೆ ಮರಳುವವರಿಗೆ ಇದು ದಿನನಿತ್ಯದ ತೊಡಕೂ ಹೌದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ ಆಗಲಿ ಐಸಿಎಸ್‌ಇ ಆಗಲಿ, ಕನ್ನಡ ಒಂದು ಪಾಠವಾಗಿ ಇರಬೇಕು. ಹೊರಗಿನಿಂದ ಬಂದ ಮಗುವಿಗೆ ವಿನಾಯಿತಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಇಡೀ ತರಗತಿ ಓದುವಾಗ ಒಂದು ಮಗು ಮಾತ್ರ ಕಿಟಕಿ ನೋಡುತ್ತಾ ಕೂರುವುದು ನಮಗೆ ಬೇಕೇ?

'ಈಗೇನು, ಫೋನಿನ ಕ್ಯಾಮೆರಾ ಹಿಡಿದರೆ ಅದೇ ಓದಿ ಹೇಳುತ್ತದಲ್ಲ' ಎನ್ನುವವರಿದ್ದಾರೆ. ಅಚ್ಚಾದ ಬೋರ್ಡನ್ನು ಅದು ಓದೀತು. ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಕ್ಕಳಿಗೆ ಮಗ್ಗಿ ಕಲಿಸುವುದನ್ನು ಬಿಟ್ಟಿಲ್ಲ. ಲೆಕ್ಕ ತಪ್ಪಿದಾಗ ತಪ್ಪಿದೆ ಎಂದು ಗೊತ್ತಾಗಲು ನಮ್ಮ ತಲೆಯಲ್ಲೂ ಒಂದಿಷ್ಟು ಇರಬೇಕು. ಓದಿನ ವಿಷಯದಲ್ಲೂ ಹಾಗೆಯೇ.

ಒಳ್ಳೆಯ ಸುದ್ದಿಯೆಂದರೆ, ಇಪ್ಪತ್ತು ವರ್ಷಗಳ ಹಿಂದೆ ಗಲ್ಫಿಗೆ ಬಂದವರಿಗೆ ಇಲ್ಲದಿದ್ದ ಅನುಕೂಲ ಈಗ ನಮಗಿದೆ. ಅಂದು ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ನಡುವೆ ಎರಡು ಮಕ್ಕಳ ಪುಸ್ತಕಕ್ಕೆ ಜಾಗ ಸಿಕ್ಕರೆ ಪುಣ್ಯ. ಇಂದು ಹಣ ಕೊಡದೆ, ಕದಿಯದೆ, ಕಾನೂನಿನ ಒಳಗಿದ್ದೇ ಸಾಕಷ್ಟು ಸಿಗುತ್ತದೆ.

ಮೊದಲನೆಯದು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್. ಇದರಲ್ಲಿ ಕನ್ನಡವನ್ನು ಆರಿಸಿಕೊಂಡರೆ ಚಿತ್ರಕಥೆಗಳ ದೊಡ್ಡ ಕಪಾಟೇ ತೆರೆಯುತ್ತದೆ. ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ಬಂದ ಪದವೇ ಮತ್ತೆ ಬರುತ್ತದೆ. ನಾಲ್ಕನೆಯದು ಸರಾಗವಾಗಿ ಓದುವವರಿಗೆ. ವಯಸ್ಸು ನೋಡಿ ಹಂತ ಆರಿಸಬೇಡಿ, ಓದಿನ ಮಟ್ಟ ನೋಡಿ ಆರಿಸಿ. ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದುವ ಹತ್ತು ವರ್ಷದ ಮಗುವೂ ಕನ್ನಡದಲ್ಲಿ ಒಂದನೇ ಹಂತದಿಂದಲೇ ತೊಡಗಬೇಕಾದೀತು, ಅದರಲ್ಲಿ ನಾಚಿಕೆಯಿಲ್ಲ. ಇಲ್ಲಿನ ಪುಸ್ತಕಗಳಿಗಿರುವುದು ಮುಕ್ತ ಪರವಾನಗಿ. ಹೆಸರು ಉಳಿಸಿಕೊಂಡು ಯಾರೂ ಮುದ್ರಿಸಬಹುದು, ಹಂಚಬಹುದು. ಒಂದು ಎಚ್ಚರ: ಇಲ್ಲಿ ಯಾರು ಬೇಕಾದರೂ ಅನುವಾದಿಸಿ ಹಾಕಬಹುದಾದ್ದರಿಂದ ಎಲ್ಲ ಕನ್ನಡವೂ ಒಂದೇ ಮಟ್ಟದ್ದಲ್ಲ. ಪ್ರಕಾಶಕರೇ ಹೊರತಂದವುಗಳಿಂದ ಆರಂಭಿಸಿ. ಉಳಿದವನ್ನು ನೀವು ಮೊದಲು ಓದಿ ನೋಡಿ, ಆಮೇಲೆ ಮಗುವಿಗೆ ಕೊಡಿ.

ಎರಡನೆಯದು ನಮ್ಮದೇ ಸರ್ಕಾರದ್ದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಉಚಿತ. ಸಣ್ಣ ತರಗತಿಗಳ ನಲಿಕಲಿ ಸಾಮಗ್ರಿಯನ್ನೂ ಹುಡುಕಿ ನೋಡಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶಿಕ್ಷಕರೇ ಕಟ್ಟಿದ ಈ ಪದ್ಧತಿ ಅಕ್ಷರಮಾಲೆಯ ಕ್ರಮವನ್ನೇ ಹಿಡಿದು ಕೂರುವುದಿಲ್ಲ. ಬರೆಯಲು ಸುಲಭವಾದ ಕೆಲವು ಅಕ್ಷರ ಕಲಿಸಿ, ಅವುಗಳಿಂದಲೇ ಪದ ಕಟ್ಟಿಸುತ್ತದೆ. 'ಅ'ದಿಂದ 'ಳ'ದವರೆಗೆ ಬಾಯಿಪಾಠ ಮಾಡಿದರೂ 'ಮರ' ಎಂದು ಓದಲಾಗದ ಮಕ್ಕಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮೂರನೆಯದು ಯೂಟ್ಯೂಬಿನಲ್ಲಿರುವ ಬುಕ್‌ಬಾಕ್ಸ್. ಹೇಳುವ ಕಥೆಯ ಸಾಲುಗಳು ಅದೇ ಭಾಷೆಯಲ್ಲಿ ಕೆಳಗೆ ಮೂಡುತ್ತವೆ. ಇದರ ಹಿಂದಿರುವ ಬ್ರಿಜ್ ಕೊಠಾರಿಯವರು ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲು ಹಾಕಿ ಓದಿಸುವ ಪ್ರಯೋಗವನ್ನು ಗುಜರಾತಿನಲ್ಲಿ ಮಾಡಿದವರು. ಪದದ ಅರ್ಥ ಬೇಕಾದಾಗ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ. ಇಂಗ್ಲಿಷ್ ಓದು ಹಿಂದಿರುವ ಎಂಟು ವರ್ಷದೊಳಗಿನ ಮಕ್ಕಳಿಗೆ ಖಾನ್ ಅಕಾಡೆಮಿ ಕಿಡ್ಸ್ ಇದೆ. ಅದರಲ್ಲಿ ಶುಲ್ಕವೂ ಇಲ್ಲ, ಜಾಹೀರಾತೂ ಇಲ್ಲ.

ಹಳೆಯ ಪುಸ್ತಕಗಳ ವಿಷಯದಲ್ಲಿ ಒಂದು ಮಾತು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಬಂಟ್ವಾಳದ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಮಕ್ಕಳ ಕಥೆ, ಪದ್ಯಗಳನ್ನು ಯಾರೂ ಹಂಚಬಹುದು. ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಹಾಗಾಗಿ ಅವರ ಪದ್ಯಗಳ ಹಕ್ಕು 2039ರ ಕೊನೆಯವರೆಗೂ ಇದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಹೊಸ ಪುಸ್ತಕಗಳ ಪಿಡಿಎಫ್ ಉಚಿತವಲ್ಲ, ಅದು ಯಾರದ್ದೋ ಅನ್ನ. ಊರಿಗೆ ಹೋದಾಗ ನಾಲ್ಕು ಪುಸ್ತಕ ದುಡ್ಡು ಕೊಟ್ಟೇ ತನ್ನಿ.

ಇಷ್ಟೆಲ್ಲ ಇದ್ದೂ ನಮ್ಮ ಮಗಳಿಗೆ ಚೀಟಿ ಓದಲು ಬರಲಿಲ್ಲ ಏಕೆ? ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಯಿತು. ಅದಕ್ಕೂ ಹಿಂದಿನ ವರ್ಷ ನಾವು ಒಂದು ಆ್ಯಪ್‌ಗೆ 240 ದಿರ್ಹಮ್ ವರ್ಷದ ಚಂದಾ ಕಟ್ಟಿದ್ದೆವು. ಮಗಳು ಅದನ್ನು ತೆರೆದದ್ದು ಎಂಟು ಸಲ. ಒಂದು ಸಲಕ್ಕೆ 30 ದಿರ್ಹಮ್ ಬಿತ್ತು. ಊರ ಕಂಪನಿಗಳ ಖರ್ಚು ಪರೀಕ್ಷಿಸುವ ನಾವು ಮನೆಯ ಈ ಖರ್ಚನ್ನು ನೋಡಿದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎರಡನೇ ವರ್ಷದ ಚಂದಾ ತಾನಾಗಿ ಕಡಿತವಾದಾಗ. ದುಡ್ಡು ಕೊಟ್ಟದ್ದಕ್ಕೇ ಕರ್ತವ್ಯ ಮುಗಿಯಿತೆಂದು ಸುಮ್ಮನಾದದ್ದು ನಮ್ಮ ತಪ್ಪು. ಉಚಿತ ಪುಸ್ತಕ ಇಳಿಸಿಕೊಂಡು ಸುಮ್ಮನಾದರೂ ತಪ್ಪು ಅದೇ. ಫೋನಿನಲ್ಲಿ ಇನ್ನೂರು ಕಥೆ ಕೂಡಿಟ್ಟ ಮಾತ್ರಕ್ಕೆ ಮಗು ಓದಿದಂತಾಗುವುದಿಲ್ಲ.

ಕನ್ನಡ ಓದು ಕೂಡಿಬರಲು ಕಾಲ ಬೇಕು. ನಮ್ಮ ವರ್ಣಮಾಲೆಯಲ್ಲಿ ಅಕ್ಷರ 49. ಆದರೆ 34 ವ್ಯಂಜನಗಳಿಗೂ ಕಾಗುಣಿತದ 15 ರೂಪ ಹಾಕಿದರೆ 510 ಆಕಾರ, ಒತ್ತಕ್ಷರ ಬೇರೆ. ಗೋಡೆಯ ಪಟ ನೋಡಿ ಮಗು ಹೆದರಿದರೆ ಆಶ್ಚರ್ಯವಿಲ್ಲ. ನಿಜವಾಗಿ ಕಲಿಯಬೇಕಾದದ್ದು 34 ಮೂಲ ಆಕಾರ, ಹತ್ತು ಹದಿನೈದು ಗುಣಿತದ ಗುರುತು, ಆಮೇಲೆ ಒತ್ತು. ಬರೆದಂತೆಯೇ ಓದುವ ಲಿಪಿಯಾದ್ದರಿಂದ ಒಮ್ಮೆ ಕೈಗೆ ಸಿಕ್ಕರೆ ಇಂಗ್ಲಿಷಿನ ಸ್ಪೆಲ್ಲಿಂಗ್ ಕಾಟ ಇಲ್ಲಿಲ್ಲ. ಆದರೆ ಸಿಗುವುದು ನಿಧಾನ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಕನ್ನಡ ಅಕ್ಷರಜ್ಞಾನ ಬಲಿಯಲು ಇಂಗ್ಲಿಷ್ ಅಕ್ಷರಮಾಲೆಗಿಂತ ಹೆಚ್ಚು ವರ್ಷ ಹಿಡಿಯುತ್ತದೆ. ಊರಿನಲ್ಲಿ ದಿನವೂ ಕನ್ನಡ ಶಾಲೆಗೆ ಹೋಗುವ ಮಗುವಿಗೇ ಹೀಗಾದರೆ, ವಾರಕ್ಕೊಮ್ಮೆ ಕನ್ನಡ ನೋಡುವ ಮಗುವಿಗೆ ಒಂದು ಬೇಸಿಗೆ ರಜೆ ಸಾಲದು. ಪಕ್ಕದಲ್ಲಿ ಕುಳಿತು, 'ಇದು ಲ, ಕೆಳಗೆ ಇನ್ನೊಂದು ಲ, ಎರಡೂ ಸೇರಿ ಲ್ಲ' ಎಂದು ಬೆರಳಿಟ್ಟು ತೋರಿಸುವ ಒಬ್ಬರು ಬೇಕು. ಅದನ್ನು ಯಾವ ಜಾಲತಾಣದಿಂದಲೂ ಇಳಿಸಿಕೊಳ್ಳಲು ಬರುವುದಿಲ್ಲ.

'ನಾನು ಇಲ್ಲಿ, ಮಗು ಊರಿನಲ್ಲಿ. ಪಕ್ಕದಲ್ಲಿ ಕೂರುವುದು ಹೇಗೆ?' ಎಂದು ಈ ಪುಟ ಓದುವ ಅನೇಕರು ಕೇಳಬಹುದು. ಹೆಂಡತಿ ಮಕ್ಕಳನ್ನು ಕರೆತರುವ ಸಂಬಳ ಎಲ್ಲರಿಗೂ ಇರುವುದಿಲ್ಲ. ನಮ್ಮ ಕಂಪನಿಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕಲಬುರಗಿ ಕಡೆಯವರೊಬ್ಬರಿದ್ದಾರೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ನಾವು ಸ್ಟೋರಿವೀವರ್ ತೋರಿಸಿದಾಗ ಅವರು ಹಿಂಜರಿದರು. 'ಸರ, ನಾ ಕಲ್ತದ್ದು ಏಳನೇತ್ತಾ ತನಕ. ಓದೋ ಮುಂದ ತಡವರಿಸ್ತೀನಿ. ಮಗಳು ನಗ್ತಾಳ್ರಿ' ಎಂದರು.

ನಕ್ಕರೆ ನಗಲಿ ಎಂದೆವು. ಅವರು ಒಂದನೇ ಹಂತದ ಒಂದು ಕಥೆ ಆರಿಸಿಕೊಂಡರು. ಕ್ಯಾಂಪಿನ ಮಂಚದ ಮೇಲೆ ಕುಳಿತು ಎರಡು ಮೂರು ಸಲ ತಾವೇ ಓದಿಕೊಂಡರು. ಆಮೇಲೆ ವಾಯ್ಸ್ ಮೆಸೇಜ್ ಮಾಡಿ ಕಳುಹಿಸಿದರು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆ ನಡೆಯುವುದಿಲ್ಲ, ವಾಯ್ಸ್ ಮೆಸೇಜ್ ಹೋಗುತ್ತದೆ. ಇಲ್ಲಿ ಸಂಜೆ ಏಳು ಎಂದರೆ ಊರಿನಲ್ಲಿ ಎಂಟೂವರೆ, ಮಗಳ ಊಟವಾಗಿರುವ ಹೊತ್ತು. ಅದೇ ಕಥೆಯನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ ತಾಯಿ ಇಟ್ಟಿದ್ದರು. ಅಪ್ಪನ ದನಿ ಕೇಳುತ್ತಾ ಮಗಳು ಸಾಲಿನ ಮೇಲೆ ಬೆರಳು ಓಡಿಸಿದಳು. ಮರುದಿನ ಒಂದು ಪುಟ ತಾನು ಓದಿ ಕಳುಹಿಸಿದಳು. ಮೊದಮೊದಲು ನಕ್ಕಿದ್ದೂ ನಿಜ. ಐದಾರು ತಿಂಗಳಾದ ಮೇಲೆ ಅಪ್ಪನ ತಪ್ಪು ಹಿಡಿಯುತ್ತಿರುವುದು ಅವಳೇ. ಅವರು ಅದನ್ನು ನಮಗೆ ಹೇಳುವಾಗಿನ ಮುಖ ನೋಡಬೇಕು. ಬೋನಸ್ ಬಂದ ದಿನವೂ ಹಾಗೆ ಕಂಡಿರಲಿಲ್ಲ.

ಹಾಗಾಗಿ ನಮ್ಮ ಸಲಹೆ ಲೆಕ್ಕದವರ ಸಲಹೆಯಂತೆಯೇ ಇದೆ. ಮೊದಲು ಆರಂಭಿಕ ಶಿಲ್ಕು ನೋಡಿಕೊಳ್ಳಿ. ಗ್ರಾಮೀಣ ಮಕ್ಕಳ ಓದನ್ನು 2005ರಿಂದ ಅಳೆಯುತ್ತಾ ಬಂದಿರುವ 'ಅಸರ್' ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಒಂದೇ ಹಾಳೆ, ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಸಣ್ಣ ಭಾಗ, ಎರಡನೇ ತರಗತಿಯ ಮಟ್ಟದ ಕಥೆ. ಮಗು ಐದು ಅಕ್ಷರಗಳಲ್ಲಿ ನಾಲ್ಕನ್ನು ಗುರುತಿಸಿದರೆ ಅಕ್ಷರದ ಮಟ್ಟ ದಾಟಿತು ಎಂದು ಲೆಕ್ಕ. ಐದು ನಿಮಿಷದಲ್ಲಿ ಮಗು ಎಲ್ಲಿದೆ ಎಂದು ಗೊತ್ತಾಗುತ್ತದೆ. ತಾರೀಕು ಹಾಕಿ ಬರೆದಿಡಿ. ಮಗುವಿಗೆ ಅಂಕ ಕೊಡಬೇಡಿ, ನೆಂಟರ ಮುಂದೆ ಹೇಳಬೇಡಿ.

ಆಮೇಲೆ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ. ಪರೀಕ್ಷೆ, ಜ್ವರ, ಪ್ರಯಾಣ ಎಲ್ಲ ಕಳೆದು ವರ್ಷಕ್ಕೆ 40 ವಾರ ಸಿಕ್ಕಿತೆಂದರೂ 50 ಗಂಟೆ. ವಾರಕ್ಕೊಂದು ಗಂಟೆಯ ರಜಾದಿನದ ಕನ್ನಡ ತರಗತಿ ವರ್ಷಕ್ಕೆ ಕೊಡುವುದು 40 ಗಂಟೆ, ಅದೂ ಇಪ್ಪತ್ತು ಮಕ್ಕಳ ನಡುವೆ. ತರಗತಿ ಇದ್ದರೆ ಬಿಡಬೇಡಿ. ಅದರ ಜೊತೆ ಈ ಐವತ್ತು ಸೇರಿಸಿ.

ದನಿಯೊಂದಿಗೆ ಬರುವ ಪುಸ್ತಕಗಳನ್ನು ಮೊದಲ ಸಲ ಕೇಳಿಸಿ, ಎರಡನೇ ಸಲ ದನಿ ಮುಚ್ಚಿ ಮಗುವಿನಿಂದ ಓದಿಸಿ. ಇಲ್ಲವಾದರೆ ಕಿವಿ ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ. ಯೂಟ್ಯೂಬಿನಲ್ಲಿ ಒಂದರ ಹಿಂದೆ ಒಂದು ತಾನಾಗಿ ಓಡುವುದನ್ನು ಆಫ್ ಮಾಡಿ. ಆದಷ್ಟು ಪ್ರಿಂಟ್ ತೆಗೆದು ಕಾಗದದಲ್ಲಿ ಓದಿಸಿ. ಪರವಾನಗಿ ಇರುವುದೇ ಅದಕ್ಕೆ. ಮಗು ತಡವರಿಸಿದಾಗ ತಕ್ಷಣ ಹೇಳಿಕೊಡದೆ ಐದು ಎಣಿಸಿ. ನಮಗೆ ಅತ್ಯಂತ ಕಷ್ಟವಾದದ್ದು ಈ ಐದು ಎಣಿಸುವುದೇ.

ಕನ್ನಡ ಸಂಘಗಳಿಗೂ ಒಂದು ವಿನಂತಿ. ನವೆಂಬರಿನ ವೇದಿಕೆ, ಶಾಲು, ಸ್ಮರಣಿಕೆ ಎಲ್ಲ ಇರಲಿ. ಅದರ ಒಂದು ಮೂಲೆಯಲ್ಲಿ ಒಂದು ಮೇಜು, ಐವತ್ತು ಮುದ್ರಿತ ಕಥೆ, ಓದಿ ಹೇಳಲು ಇಬ್ಬರು ಹಿರಿಯರು ಇರಲಿ. ಮುದ್ರಣದ ಖರ್ಚು ಒಂದು ಹೂವಿನ ಹಾರದಷ್ಟೂ ಆಗಲಿಕ್ಕಿಲ್ಲ. ಒಳ್ಳೆಯ ಕನ್ನಡ ಬಲ್ಲವರು ಸಂಘಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಮುಕ್ತ ಪುಸ್ತಕಗಳ ಅನುವಾದ ಚೆನ್ನಾಗಿಲ್ಲ ಎಂದು ಗೊಣಗುವ ಬದಲು ವರ್ಷಕ್ಕೆ ಎರಡು ಕಥೆ ಒಳ್ಳೆಯ ಕನ್ನಡಕ್ಕೆ ತಂದರೆ ಊರಿನ ಮಕ್ಕಳೂ ಓದಿಯಾರು.

ನಮ್ಮ ಮನೆಯ ವರದಿಯನ್ನೂ ಪ್ರಾಮಾಣಿಕವಾಗಿ ಕೊಡಬೇಕಲ್ಲ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ಮೇಲೆ ಆರಂಭಿಸಿದೆವು. ಡಿಸೆಂಬರಿನಲ್ಲಿ ಮೂರು ವಾರ ಬಿಟ್ಟೇಹೋಯಿತು. ವರ್ಷಾಂತ್ಯದ ಲೆಕ್ಕ ನಮ್ಮದೇ ನೆಪ. ಮತ್ತೆ ಹಿಡಿದೆವು. ಮಗಳೀಗ ಎರಡನೇ ಹಂತದ ಕಥೆಗಳಲ್ಲಿದ್ದಾಳೆ. ಕಳೆದ ತಿಂಗಳು ಅಜ್ಜಿಗೆ ಫೋನ್ ಮಾಡಿ, ಇನ್ನು ಮೇಲೆ ಬಾಯಲ್ಲಿ ಹೇಳುವುದು ಬೇಡ, ಚೀಟಿ ಬರೆದು ಫೋಟೊ ಕಳುಹಿಸಿ ಎಂದೆವು. ಮರುದಿನವೇ ಬಂತು. ಮಗಳು 'ಬೆಲ್ಲ' ಓದಿದಳು, 'ಮೆಂತೆ' ಓದಿದಳು. 'ಕೊತ್ತಂಬರಿ'ಯಲ್ಲಿ ನಿಂತಳು. ಒಂದರ ಹಿಂದೆ ಒಂದು ಒತ್ತು, ಸೊನ್ನೆ. ನಾವು ಐದು ಎಣಿಸಿದೆವು, ಆಮೇಲೆ ಇನ್ನೂ ಐದು. 'ಕೊತ್... ಕೊತ್ತ... ಕೊತ್ತಂಬರಿ!'

ಈ ಸಲದ ರಜೆಗೆ ಅಜ್ಜಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದಿಟ್ಟಿದ್ದಾರಂತೆ. ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಮಗುವಿಗೆ ಎರಡು ಸಾಲಿನ ಒಂದು ಚೀಟಿ ಬರೆದು ನೋಡಿ. ಓದಲು ಬಂದರೆ ಸಂತೋಷ. ಬಾರದಿದ್ದರೆ ನಾಳೆಯಿಂದ ಹದಿನೈದು ನಿಮಿಷ ತೆಗೆದಿಡಿ.